ಹಳೆ ಕಾರ್ಡಿನ ಚಿನ್ನದ ಹಲ್ಲು

ಬೆಳಗಿನ ಐದೂವರೆ. ಮೂರನೇ ಮಹಡಿಯ ಕಿಟಕಿಯಲ್ಲಿ ಬೆಳಕು ಇನ್ನೂ ಸರಿಯಾಗಿ ಮೂಡಿಲ್ಲ. ಅಡುಗೆಮನೆಗೂ ಮಲಗುವ ಕೋಣೆಗೂ ನಡುವಿನ ಇಕ್ಕಟ್ಟು ಜಾಗದಲ್ಲಿ ಹೊಲಿಗೆ ಯಂತ್ರದ ಒಂದು ಮೇಜಿದೆ. ಯಂತ್ರ ಎಂದೋ ಕೈಬಿಟ್ಟು ಹೋಗಿದೆ, ಮೇಜು ಮಾತ್ರ ಉಳಿದಿದೆ. ಅದರ ಮುಂದೆ ಕೂತ ಬೆಸುಗೆಯಕ್ಕ ಕಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸುತ್ತಾರೆ. ಚುಂಯ್ ಎಂದು ಸದ್ದಾಗುತ್ತದೆ. ಎದುರಿಗಿರುವ ಹಸಿರು ಕಾರ್ಡಿನಲ್ಲಿ ಇನ್ನು ಏಳು ಬೆಸುಗೆ ಬಾಕಿ.

"ಏನೇ, ಒಲೆ ಮೇಲೆ ಹಾಲಿಟ್ಟು ಬಂದು ಇಲ್ಲಿ ಕೆಂಡ ಹಿಡ್ಕೊಂಡು ಕೂತಿದ್ದೀಯಲ್ಲ!" ಅಡುಗೆಮನೆಯಿಂದ ಅತ್ತೆಯ ದನಿ.

"ಹಾಲು ಇಟ್ಟಿದ್ದು ನೀವು, ಅತ್ತೆ."

"ಹೌದಾ?" ಇಕ್ಕಳ ಹುಡುಕುವ ಸದ್ದು. "ಹಾಗಾದ್ರೆ ನಾನೇ ನೋಡ್ಕೋತೀನಿ ಬಿಡು."

ಬೆಸುಗೆಯಕ್ಕ ತಲೆ ಎತ್ತುವುದಿಲ್ಲ. ಕಾರ್ಡು ಅಂಗೈಗಿಂತ ಸ್ವಲ್ಪ ಉದ್ದವಿದೆ. ನಡುವೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಮೈಕ್ರೋಕಂಟ್ರೋಲರ್ ಚಿಪ್ಪು, ಪಕ್ಕದಲ್ಲಿ ಮೆಮೊರಿ ಕಾರ್ಡು ಕೂರುವ ಗೂಡು. ಕೆಳ ಅಂಚಿನಲ್ಲಿ ಎರಡೂ ಬದಿಗೆ ಮೂವತ್ತೊಂದರಂತೆ ಹೊಳೆಯುವ ಪಟ್ಟಿಗಳ ಸಾಲು. ಕಂಪ್ಯೂಟರಿನೊಳಗಿನ ಸ್ಲಾಟಿನಲ್ಲಿ ಕಚ್ಚಿಕೊಂಡು ಕೂರುವ ಭಾಗ ಅದು. ಬೆಸುಗೆಯಕ್ಕ ಅದನ್ನು ಚಿನ್ನದ ಹಲ್ಲು ಎನ್ನುತ್ತಾರೆ.

ಈ ಕಾರ್ಡು ಇವತ್ತು ಹತ್ತು ಗಂಟೆಗೆ ಊರಿನ ಇನ್ನೊಂದು ಕೊನೆಯಲ್ಲಿರುವ ಬ್ರೈಲ್ ಮುದ್ರಣಾಲಯ ಸೇರಬೇಕು. ಅಲ್ಲಿ ಮೂವತ್ತನಾಲ್ಕು ವರ್ಷದ ಒಂದು ಕಂಪ್ಯೂಟರ್ ಇದೆ. ಕಣ್ಣು ಕಾಣದ ಮಕ್ಕಳ ಪಠ್ಯಪುಸ್ತಕಗಳನ್ನು ತಗಡಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಒತ್ತುವ ಯಂತ್ರ ಕೇಳುವುದು ಅದೊಂದರ ಮಾತನ್ನೇ. ಮೂರು ತಿಂಗಳ ಹಿಂದೆ ಅದರೊಳಗಿದ್ದ, ಫ್ಲಾಪಿ ಓದಿಸುವ ಕಾರ್ಡು ಸುಟ್ಟುಹೋಯಿತು. ಅಂಥದ್ದನ್ನು ಈಗ ಯಾರೂ ತಯಾರಿಸುವುದಿಲ್ಲ. ಈ ತಿಂಗಳ ಕೊನೆಯೊಳಗೆ ಯಂತ್ರ ಓಡದಿದ್ದರೆ ಕೋಣೆ ಖಾಲಿ ಮಾಡಿಸಿ ಎಲ್ಲವನ್ನೂ ಗುಜರಿಗೆ ಹಾಕುವುದಾಗಿ ಆಡಳಿತದವರು ಹೇಳಿಬಿಟ್ಟಿದ್ದಾರೆ. ಹೊಸ ಯಂತ್ರ ಬರುವ ಮಾತು ಎರಡು ವರ್ಷದಿಂದ ಇದೆ, ಯಂತ್ರ ಬಂದಿಲ್ಲ. ತಿಂಗಳು ಮುಗಿಯಲು ಉಳಿದಿರುವುದು ಐದು ದಿನ.

"ಕಂಪ್ಯೂಟರ್ ಚೆನ್ನಾಗೇ ಇದೆ. ತಗಡು ಒತ್ತೋದೂ ಚೆನ್ನಾಗೇ ಇದೆ. ಮಧ್ಯದಲ್ಲಿ ಒಂದು ಕಾರ್ಡು ಇಲ್ಲ ಅಂತ ಎಲ್ಲಾನೂ ತೂಕಕ್ಕೆ ಹಾಕ್ತಾರೆ ಅಂದ್ರೆ ಹೊಟ್ಟೆ ಉರಿಯಲ್ವಾ?" ಎಂದು ಬೆಸುಗೆಯಕ್ಕ ಕೇಳುತ್ತಾರೆ. ಕೇಳುವಾಗಲೂ ಕಣ್ಣು ಕಾರ್ಡಿನ ಮೇಲೇ ಇದೆ.

ಬೆಸುಗೆಯಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಈಗ ಐವತ್ತೊಂದು ವರ್ಷ. ಹದಿನೆಂಟಕ್ಕೆ ಟಿ.ವಿ. ಕಾರ್ಖಾನೆಯೊಂದಕ್ಕೆ ಸೇರಿದರು. ಅಲ್ಲಿ ಹತ್ತೊಂಬತ್ತು ವರ್ಷ ಬೆಸುಗೆಯ ಸಾಲಿನಲ್ಲಿ ಕೂತರು. ಚಲಿಸುವ ಪಟ್ಟಿಯ ಮೇಲೆ ಬೋರ್ಡುಗಳು ಬೋರಲಾಗಿ ಬರುತ್ತಿದ್ದವು. ಬಿಡಿಭಾಗಗಳೆಲ್ಲ ಕೆಳಗೆ, ಬೆಸೆಯಬೇಕಾದ ಕಾಲುಗಳು ಮೇಲೆ. ಒಬ್ಬೊಬ್ಬರಿಗೆ ಬೋರ್ಡಿಗೆ ಹದಿನಾಲ್ಕು ಬೆಸುಗೆ, ದಿನಕ್ಕೆ ಆರುನೂರು ಬೋರ್ಡು. ಅಂದರೆ ದಿನಕ್ಕೆ ಎಂಟು ಸಾವಿರದ ನಾನೂರು ಸಲ ಹೊಗೆ ಮೂಗಿಗೆ ಬಡಿಯುತ್ತಿತ್ತು. ಆ ಹೊಗೆ ಕೊಟ್ಟ ಕೆಮ್ಮು ಇವತ್ತಿಗೂ ಬೆಳಿಗ್ಗೆ ಹತ್ತು ನಿಮಿಷ ಕಾಡುತ್ತದೆ. ಬಲಗೈ ತೋರುಬೆರಳಿನ ಪಕ್ಕದಲ್ಲಿ ಸುಟ್ಟು ಗಟ್ಟಿಯಾದ ಚರ್ಮವಿದೆ. ಅಲ್ಲಿ ಬಿಸಿ ತಾಗಿದರೂ ಗೊತ್ತಾಗುವುದಿಲ್ಲ.

ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಎಂಟು ವರ್ಷ ಮಿಕ್ಸಿ, ರಿಮೋಟು, ಗಡಿಯಾರ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ರಿಪೇರಿ ಮಾಡಿದರು. ಗಂಡನದು ಇದೇ ಕಟ್ಟಡದ ಮೆಟ್ಟಿಲ ಕೆಳಗೆ ಕೀಲಿಕೈ ಮಾಡುವ ಪುಟ್ಟ ಅಂಗಡಿ. ಅಲ್ಲೇ ಒಂದು ಮೂಲೆಯಲ್ಲಿ ಇವರ ಸ್ಟೂಲು. ಆರು ವರ್ಷದ ಹಿಂದೆ ಸ್ವೆಟರ್ ಹೆಣೆಯುವ ಕಾರ್ಖಾನೆಯವನೊಬ್ಬ ಹಳೇ ಕಂಪ್ಯೂಟರನ್ನು ತಲೆಯ ಮೇಲೆ ಹೊತ್ತುಕೊಂಡು ಬಂದ. ಹೆಣಿಗೆಯ ನಕ್ಷೆಗಳೆಲ್ಲ ಅದರಲ್ಲಿದ್ದವು, ಫ್ಲಾಪಿ ಓಡುತ್ತಿರಲಿಲ್ಲ. ಫ್ಲಾಪಿಯ ಜಾಗದಲ್ಲಿ ಚಿಕ್ಕದೊಂದು ಮೈಕ್ರೋಕಂಟ್ರೋಲರ್ ಕೂರಿಸಿ, ಅದೇ ಫ್ಲಾಪಿಯೆಂದು ಹಳೇ ಕಂಪ್ಯೂಟರನ್ನು ನಂಬಿಸಬಹುದು ಎಂದು ಬೆಸುಗೆಯಕ್ಕ ಎಲ್ಲೋ ಓದಿದ್ದರು. ನಂಬಿಸಲು ಏಳು ತಿಂಗಳು ಹಿಡಿಯಿತು.

ಬೆಸೆಯುವುದು ಬರುತ್ತಿತ್ತು, ಪ್ರೋಗ್ರಾಂ ಬರೆಯುವುದು ಬರುತ್ತಿರಲಿಲ್ಲ. ಸಿಕ್ಕ ಮಾದರಿಯನ್ನೆಲ್ಲ ಗೆರೆ ಹಾಕಿದ ನೋಟುಬುಕ್ಕಿನಲ್ಲಿ ಸಾಲು ಸಾಲಾಗಿ ನಕಲು ಮಾಡಿಕೊಂಡರು. ಪ್ರತಿ ಸಾಲಿನ ಎದುರು ಅದೇನು ಮಾಡುತ್ತದೆಂದು ತಮ್ಮ ಮಾತಿನಲ್ಲಿ ಬರೆದುಕೊಂಡರು. ಆ ನೋಟುಬುಕ್ಕುಗಳು ಇನ್ನೂ ಇವೆ. "ಇಲ್ಲಿ ಕಾಯಬೇಕು." "ಇಲ್ಲಿ ಕಿವಿಗೊಡಬೇಕು." ಒಂದು ಕಡೆ ಕೆಂಪು ಶಾಯಿಯಲ್ಲಿ: "ಇಲ್ಲಿ ತಕ್ಷಣ ಉತ್ತರ. ಸುಮ್ಮನಿದ್ದರೆ ಕೆಟ್ಟೆ."

"ಹಳೇ ಕಂಪ್ಯೂಟರ್ ನಿಧಾನ ಅಂತಾರೆ. ಯಾರು ಹೇಳಿದ್ದು?" ಎಂದು ನಗುತ್ತಾರೆ. "ಕೇಳಿದ್ದಕ್ಕೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನೊಳಗೆ ಉತ್ತರ ಕೊಡ್ಬೇಕು. ಇಲ್ಲ ಅಂದ್ರೆ ಅಲ್ಲಿ ಯಾರೂ ಇಲ್ಲ ಅಂದ್ಕೊಂಡು ಮುಂದೆ ಹೋಗ್ಬಿಡುತ್ತೆ. ನಮ್ಮತ್ತೆ ಥರ."

"ಕೇಳಿಸ್ತು," ಎನ್ನುತ್ತಾರೆ ಅತ್ತೆ.

ಎಪ್ಪತ್ತಾರರ ಅತ್ತೆಗೂ ಈ ಕೆಲಸದಲ್ಲಿ ಪಾಲಿದೆ. ಅಕ್ಕಿಕಾಳಿನಷ್ಟು ದಪ್ಪದ ರೆಸಿಸ್ಟರುಗಳನ್ನು ಅವುಗಳ ಬಣ್ಣದ ಪಟ್ಟೆ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕುವವರು ಅವರು. ಕೆಂಪು, ಕೆಂಪು, ಕಂದು ಒಂದು ಡಬ್ಬಿ. ಕಂದು, ಕಪ್ಪು, ಕಿತ್ತಳೆ ಇನ್ನೊಂದು. ಇದುವರೆಗೆ ಒಂದೂ ತಪ್ಪಿಲ್ಲವಂತೆ. ಸೊಸೆಯ ಉದ್ಯೋಗದ ಬಗ್ಗೆ ಕೇಳಿದರೆ ಅವರ ಉತ್ತರ ಚಿಕ್ಕದು: "ಮುದುಕರಿಗೆ ಹಲ್ಲು ಕಟ್ಟಿಸ್ತಾಳೆ."

ಆರು ವರ್ಷದಲ್ಲಿ ಕಟ್ಟಿಸಿದ್ದು ಎಂಬತ್ತಮೂರು. ಒಂದು ಕಾರ್ಡಿಗೆ ನಾನೂರ ಹನ್ನೆರಡು ಬೆಸುಗೆ, ಮೂರು ಬೆಳಗಿನ ಕೆಲಸ. ಎಂಟಕ್ಕೆ ಕೆಳಗಿನ ಮಹಡಿಯ ಬಡಗಿಯ ಯಂತ್ರ ಶುರುವಾದರೆ ಮೇಜು ನಡುಗುತ್ತದೆ, ಆದ್ದರಿಂದ ಐದಕ್ಕೇ ಕೂರಬೇಕು. ಚಿಪ್ಪುಗಳಿಗೆ ಆರ್ಡರ್ ಕೊಟ್ಟರೆ ಬರುವುದು ಮೂರು ವಾರಕ್ಕೆ, ಬಂದದ್ದರಲ್ಲಿ ಹತ್ತಕ್ಕೊಂದು ನಕಲಿ. ಬರಿಯ ಹಸಿರು ಹಲಗೆಯನ್ನು ನಕ್ಷೆ ಕಳಿಸಿ ಹೊರಗೆ ಮಾಡಿಸಬೇಕು. ಐದಕ್ಕಿಂತ ಕಡಿಮೆ ಮಾಡಿಕೊಡುವುದಿಲ್ಲ, ಹನ್ನೆರಡು ದಿನಕ್ಕಿಂತ ಮುಂಚೆ ಕೊಡುವುದಿಲ್ಲ. ನಕ್ಷೆಯಲ್ಲಿ ಒಂದು ಗೆರೆ ತಪ್ಪಿದರೆ ಹನ್ನೆರಡು ದಿನ ನೀರಿಗೆ ಹೋದಂತೆ.

ಮುದ್ರಣಾಲಯದ ಕಂಪ್ಯೂಟರಿನ ಜಾತಿಯೇ ಬೇರೆ. ಅದರ ಸ್ಲಾಟು ಬೆಸುಗೆಯಕ್ಕ ಹಿಂದೆ ಮಾಡಿದ ಯಾವುದಕ್ಕೂ ಹೊಂದುವುದಿಲ್ಲ. ಹಾಗಾಗಿ ನಕ್ಷೆ ಮೊದಲಿನಿಂದ ಬರೆಯಬೇಕಾಯಿತು. ನೂರ ಮೂವತ್ತೇಳು ಫ್ಲಾಪಿಗಳನ್ನು ಮನೆಗೆ ತಂದು ಒಂದೊಂದನ್ನೇ ಒರೆಸಿ, ಓದಿಸಿ, ಮೆಮೊರಿ ಕಾರ್ಡಿಗೆ ಇಳಿಸಿಕೊಂಡರು. ಬೂಷ್ಟು ಹಿಡಿದ ಮೂರನ್ನು ಬಿಟ್ಟರೆ ಎಲ್ಲವೂ ಬಂದವು.

ಏಳನೆಯ ಬೆಸುಗೆ ಮುಗಿಯುವ ಹೊತ್ತಿಗೆ ಕಿಟಕಿಯಲ್ಲಿ ಬಿಸಿಲು ಬಿದ್ದಿದೆ. ಬೆಸುಗೆಯಕ್ಕ ಮೀಟರಿನ ಎರಡು ಮುಳ್ಳು ಹಿಡಿದು ಅರವತ್ತೆರಡು ಹಲ್ಲುಗಳನ್ನೂ ನಕ್ಷೆಯೊಂದಿಗೆ ತಾಳೆ ನೋಡುತ್ತಾರೆ. ಎಲ್ಲವೂ ಸರಿಯಾಗಿದೆ. ಕಾರ್ಡನ್ನು ಟಿಫಿನ್ ಡಬ್ಬಿಯಲ್ಲಿಟ್ಟು ಬಸ್ಸು ಹತ್ತುತ್ತಾರೆ. ಜನ ತುಂಬಿದ ಬಸ್ಸಿನಲ್ಲಿ ಡಬ್ಬಿ ಎದೆಗವಚಿಕೊಂಡು ನಿಂತ ಹೆಂಗಸನ್ನು ಕಂಡು ಯಾರೋ ಕೂರಲು ಜಾಗ ಬಿಡುತ್ತಾರೆ.

ಮುದ್ರಣಾಲಯ ಎರಡು ಕೋಣೆಯದು. ಒಂದರಲ್ಲಿ ದಪ್ಪ ಕಾಗದದ ರಾಶಿ, ಇನ್ನೊಂದರಲ್ಲಿ ಯಂತ್ರ. ಬಾಗಿಲಲ್ಲಿ ಕೈಕಟ್ಟಿ ನಿಂತಿರುವವರು ವ್ಯವಸ್ಥಾಪಕರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತವರು ಕರಡಮ್ಮ. ಒತ್ತಿದ ಪ್ರತಿ ಪುಟದ ಕರಡನ್ನು ಬೆರಳಿನಿಂದ ಓದಿ ತಪ್ಪು ಹಿಡಿಯುವುದು ಇವರ ಕೆಲಸ. ಇಪ್ಪತ್ತೇಳು ವರ್ಷದಿಂದ ಇದೇ ಕುರ್ಚಿ. ಹುಟ್ಟಿನಿಂದ ಕಣ್ಣು ಕಾಣದು. ಕೋಣೆ ಖಾಲಿಯಾದರೆ ಕುರ್ಚಿಯೂ ಹೋಗುತ್ತದೆ, ಆದರೆ ಕರಡಮ್ಮ ಅದನ್ನು ಬಾಯಿಬಿಟ್ಟು ಹೇಳಿಲ್ಲ.

ಬೆಸುಗೆಯಕ್ಕ ಕಂಪ್ಯೂಟರಿನ ಮುಚ್ಚಳ ತೆಗೆದು, ಸ್ಲಾಟಿನ ಧೂಳು ಊದಿ, ಡಬ್ಬಿಯಿಂದ ಕಾರ್ಡು ಎತ್ತುತ್ತಾರೆ.

"ಒಂದು ನಿಮಿಷ ಇಲ್ಲಿ ಕೊಡಮ್ಮ," ಎನ್ನುತ್ತಾರೆ ಕರಡಮ್ಮ. "ನನ್ನ ಕೈ ನೋಡದೇ ಇರೋದು ಈ ಕೋಣೆಯಿಂದ ಹೊರಗೆ ಹೋಗಿಲ್ಲ. ಒಳಗೂ ಹೋಗೋದು ಬೇಡ."

"ಆಯ್ತಮ್ಮ, ನೋಡಿ. ಹುಷಾರು, ಕಾಲುಗಳು ಚುಚ್ಚುತ್ವೆ."

"ಹಳೇದನ್ನೂ ಕೊಡು."

ಸುಟ್ಟ ಕಾರ್ಡು ಎಡಗೈ ಕೆಳಗೆ, ಹೊಸ ಕಾರ್ಡು ಬಲಗೈ ಕೆಳಗೆ. ಮೂಲವನ್ನೂ ಕರಡನ್ನೂ ಕರಡಮ್ಮ ದಿನವೂ ಓದುವುದು ಹೀಗೆಯೇ. ಎರಡು ಕೈಯ ಬೆರಳುಗಳು ಒಟ್ಟಿಗೆ ಹೊರಟು, ಒಟ್ಟಿಗೆ ಅಂಚು ಮುಟ್ಟಿ, ಕಾರ್ಡುಗಳನ್ನು ಮಗುಚಿ, ಮತ್ತೆ ಹೊರಡುತ್ತವೆ. ಒಂದು ಕಡೆ ಬಂದು ನಿಲ್ಲುತ್ತವೆ.

"ಇವೆರಡೂ ಅಕ್ಕತಂಗೀರು ಅಂತ ಹೋದ ಸಲ ಅಂದಿದ್ದೆಯಲ್ಲ?"

"ಹೌದಮ್ಮ. ಚಿಪ್ಪು ಬೇರೆ, ಹಲ್ಲಿನ ಸಾಲು ಅದೇ."

"ಹಾಗಾದ್ರೆ ಅಕ್ಕನಿಗೆ ಈ ದಪ್ಪ ಗೆರೆ ಬೆನ್ನ ಮೇಲಿದೆ, ತಂಗಿಗೆ ಹೊಟ್ಟೆ ಮೇಲಿದೆಯಲ್ಲ, ಯಾಕೆ?"

ದಪ್ಪ ಗೆರೆಯೆಂದರೆ ಹಲ್ಲುಗಳಿಂದ ಕಾರ್ಡಿಗೆ ವಿದ್ಯುತ್ತು ತರುವ ದಾರಿ. ಅದರ ಮೇಲೆ ಬೆಸುಗೆ ಸುರಿದು ದಪ್ಪ ಮಾಡಿರುತ್ತಾರೆ, ಬೆರಳಿಗೆ ತಾಗುತ್ತದೆ. ಬೆಸುಗೆಯಕ್ಕ ಮೊದಲು ನಗುತ್ತಾರೆ. "ಅದು ಹಾಗಲ್ಲಮ್ಮ..." ಎಂದು ಶುರು ಮಾಡಿದ ಮಾತು ಅಲ್ಲೇ ನಿಲ್ಲುತ್ತದೆ. ಎರಡೂ ಕಾರ್ಡು ಕಸಿದುಕೊಂಡವರಂತೆ ತೆಗೆದುಕೊಂಡು ಕಿಟಕಿಗೆ ಹೋಗುತ್ತಾರೆ. ಒಮ್ಮೆ ಇದನ್ನು ಮಗುಚುತ್ತಾರೆ, ಒಮ್ಮೆ ಅದನ್ನು. ಆಮೇಲೆ ಕಿಟಕಿಯ ಕಟ್ಟೆಯ ಮೇಲೆ ಕೂತುಬಿಡುತ್ತಾರೆ.

ಎರಡು ಬದಿಯ ಹಲ್ಲುಗಳು ಪೂರಾ ಅದಲು ಬದಲಾಗಿವೆ. ಚಿಪ್ಪುಗಳಿರುವ ಬದಿ ಮುಖ, ಬೆಸುಗೆಯ ಕಾಲುಗಳಿರುವ ಬದಿ ಬೆನ್ನು. ಇದು ಎಲ್ಲರ ಲೆಕ್ಕ. ಹತ್ತೊಂಬತ್ತು ವರ್ಷ ಬೋರಲಾಗಿ ಬಂದ ಬೋರ್ಡುಗಳನ್ನೇ ನೋಡಿದ ಬೆಸುಗೆಯಕ್ಕ ಹೊಸ ನಕ್ಷೆ ಬರೆಯುವಾಗ ತಮಗೆ ಗೊತ್ತಿಲ್ಲದೆಯೇ ಬೆಸುಗೆಯ ಬದಿಯನ್ನು ಮುಖವೆಂದು ಗುರುತು ಹಾಕಿದ್ದರು. ಬೆಳಿಗ್ಗೆ ಮೀಟರಿನಲ್ಲಿ ತಾಳೆ ನೋಡಿದ್ದೂ ಅದೇ ನಕ್ಷೆಯೊಂದಿಗೆ. ತಪ್ಪಿಗೂ ತಪ್ಪಿಗೂ ಚೆನ್ನಾಗಿಯೇ ತಾಳೆಯಾಗಿತ್ತು.

"ನಂಗೆ ಮೊದಲಿಂದ ಬೆನ್ನೇ ಮುಖ," ಎನ್ನುತ್ತಾರೆ, ಯಾರಿಗೆ ಹೇಳುತ್ತಿದ್ದೇನೆಂಬ ಗಮನವಿಲ್ಲದೆ.

"ಅಂದ್ರೆ ಈ ಕಾರ್ಡು ಆಗಲ್ವಾ?" ವ್ಯವಸ್ಥಾಪಕರು ಕೇಳುತ್ತಾರೆ.

"ಇದನ್ನ ಹಾಕಿ ಸ್ವಿಚ್ ಒತ್ತಿದ್ದಿದ್ರೆ ಕಂಪ್ಯೂಟರೂ ಆಗ್ತಿರಲಿಲ್ಲ ಸಾರ್. ಮಾತಾಡೋ ಗೆರೆಗೆ ಹನ್ನೆರಡು ವೋಲ್ಟ್ ನುಗ್ಗಿರೋದು. ಒಳಗಿರೋದೆಲ್ಲ ಸುಟ್ಟು ಕರಕಲು."

"ಮತ್ತೆ ಮಾಡ್ಸೋಕೆ?"

"ಹನ್ನೆರಡು ದಿನ."

ವ್ಯವಸ್ಥಾಪಕರು ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತಾರೆ. ಅವರು ಒಳ್ಳೆಯವರೇ, ಆದರೆ ತಾರೀಕು ಅವರ ಕೈಯಲ್ಲಿಲ್ಲ. ಕರಡಮ್ಮ ಮಾತ್ರ ಕೈ ಒರೆಸಿಕೊಳ್ಳುತ್ತಾ, "ತಪ್ಪು ಸಿಕ್ಕಿದ್ದು ಒತ್ತೋಕೆ ಮುಂಚೆ ತಾನೆ? ಹಾಗಾದ್ರೆ ಅದು ಬರೀ ಕರಡು. ಹೋಗು, ತಿದ್ಕೊಂಡು ಬಾ," ಎನ್ನುತ್ತಾರೆ.

ವಾಪಸು ಬರುವ ಬಸ್ಸಿನಲ್ಲಿ ಡಬ್ಬಿ ಕಾಲ ಬಳಿ ಇದೆ. ಬೆಸುಗೆಯಕ್ಕನ ಮಡಿಲಲ್ಲಿರುವುದು ಸುಟ್ಟ ಹಳೆ ಕಾರ್ಡು. ಅದರ ಚಿಪ್ಪುಗಳು ಸತ್ತಿವೆ, ಹಲ್ಲುಗಳು ಗಟ್ಟಿಯಾಗಿವೆ, ಎರಡೂ ಬದಿಗೆ ಇರಬೇಕಾದಲ್ಲೇ ಇವೆ. ಮೂರು ನಿಲ್ದಾಣ ಕಳೆಯುವ ತನಕ ಅದನ್ನೇ ದಿಟ್ಟಿಸಿ ನೋಡಿ, ಇಳಿದವರು ಮನೆಗೆ ಹತ್ತದೆ ನೇರ ಮೆಟ್ಟಿಲ ಕೆಳಗಿನ ಕೀಲಿಕೈ ಅಂಗಡಿಗೆ ಹೋಗುತ್ತಾರೆ.

"ರೀ, ಇದರ ಹಲ್ಲಿನ ಸಾಲು ಮಾತ್ರ ಬೇಕು. ಬಿರುಕು ಬಿಡದ ಹಾಗೆ ಕತ್ತರಿಸಿಕೊಡ್ತೀರಾ?"

ಗಂಡ ಕನ್ನಡಕ ಹಣೆಗೇರಿಸಿ ಕಾರ್ಡು ನೋಡುತ್ತಾರೆ, ಆಮೇಲೆ ಹೆಂಡತಿಯ ಮುಖ ನೋಡುತ್ತಾರೆ. "ದಿನಾ ಹಲ್ಲು ಕತ್ತರಿಸೋನು ನಾನು. ಕತ್ತರಿಸ್ತೀನಿ. ಊಟ ಆಯ್ತಾ?"

"ಇಲ್ಲ."

"ಊಟ ಮಾಡ್ಕೊಂಡು ಬಾ. ಅಲ್ಲೀತನಕ ಗರಗಸ ಮುಟ್ಟಲ್ಲ."

ಮುಂದಿನ ಎರಡು ದಿನ ಬೆಳಿಗ್ಗೆ ಆ ಹೊಲಿಗೆ ಮೇಜಿನ ಮೇಲೆ ನಡೆಯುವುದನ್ನು ಯಾವ ಕಾರ್ಖಾನೆಯೂ ಒಪ್ಪುವುದಿಲ್ಲ. ಹೊಸ ಕಾರ್ಡಿನ ತಪ್ಪು ಹಲ್ಲುಗಳನ್ನು ಕತ್ತರಿಸಿ ಎಸೆದಾಗಿದೆ. ಆ ಜಾಗಕ್ಕೆ ಹಳೆ ಕಾರ್ಡಿನ ಹಲ್ಲಿನ ಸಾಲನ್ನು ಎರಡು ಹಿತ್ತಾಳೆ ಪಟ್ಟಿಯಿಂದ ಬಿಗಿದಿದ್ದಾರೆ. ಇನ್ನು ಈ ಹಲ್ಲಿನಿಂದ ಆ ಗೆರೆಗೆ ಮೂವತ್ತೆಂಟು ತಂತಿ ಎಳೆಯಬೇಕು. ತಂತಿ ಕೂದಲಿಗಿಂತ ಸ್ವಲ್ಪ ದಪ್ಪ. ಒಂದು ಬೆರಳಿಗಿಂತ ಉದ್ದವಾದರೆ ಕಾರ್ಡಿನ ಮಾತು ತೊದಲುತ್ತದೆ.

ತಂತಿಗಳ ಪಟ್ಟಿ ಓದಿ ಹೇಳುವ ಕೆಲಸ ಅತ್ತೆಯದು. "ಹದಿನೇಳು. ಹೊಟ್ಟೆ ಕಡೆ. ಹಳದಿ ತಂತಿ."

"ಹದಿನೇಳು, ಹೊಟ್ಟೆ, ಹಳದಿ."

"ಹೊಟ್ಟೆ ಅಂದ್ರೆ ಯಾವ ಹೊಟ್ಟೆ? ನಿನ್ನದೋ, ಲೋಕದ್ದೋ?"

"ಲೋಕದ್ದೇ ಅತ್ತೆ. ದಮ್ಮಯ್ಯ, ನಗಿಸ್ಬೇಡಿ, ಕೈ ಅಲ್ಲಾಡುತ್ತೆ."

ಮೂವತ್ತೆಂಟಕ್ಕೂ ಅತ್ತೆ ಈ ಪ್ರಶ್ನೆ ಬಿಡುವುದಿಲ್ಲ. ಮೂವತ್ತೆಂಟಕ್ಕೂ ಬೆಸುಗೆಯಕ್ಕ ಕಾರ್ಡನ್ನು ಮಗುಚಿ ನೋಡಿಯೇ ಉತ್ತರ ಕೊಡುತ್ತಾರೆ.

ಮೂರನೆಯ ದಿನ ಮತ್ತೆ ಮುದ್ರಣಾಲಯ. ಕರಡಮ್ಮ ಯಾರೂ ಹೇಳದೆಯೇ ಕೈ ಚಾಚುತ್ತಾರೆ. "ಇದಕ್ಕೇನಮ್ಮ, ಗಡ್ಡ ಬಂದಿದೆ?" ಹನ್ನೊಂದು ನಿಮಿಷ ಓದುತ್ತಾರೆ. ಒಂದೊಂದು ತಂತಿಯ ಬುಡ, ತುದಿ. ಕೊನೆಗೆ ಕಾರ್ಡನ್ನು ಮುಂದೆ ಚಾಚುತ್ತಾರೆ. "ಬೆನ್ನು ಬೆನ್ನಿಗಿದೆ. ಹಾಕು."

ಕಾರ್ಡು ಸ್ಲಾಟಿನಲ್ಲಿ ಕಚ್ಚಿ ಕೂರುತ್ತದೆ. ಬೆಸುಗೆಯಕ್ಕ ಸ್ವಿಚ್ಚಿನ ಮೇಲೆ ಬೆರಳಿಟ್ಟು ಒಂದು ಕ್ಷಣ ನಿಲ್ಲುತ್ತಾರೆ, ಆಮೇಲೆ ಒತ್ತುತ್ತಾರೆ. ಹೊಗೆಯಿಲ್ಲ, ವಾಸನೆಯಿಲ್ಲ. ಪರದೆಯ ಮೂಲೆಯಲ್ಲಿ ಹಸಿರು ಅಕ್ಷರ ಮಿಣುಕುತ್ತದೆ. ನಾಲ್ಕನೇ ತರಗತಿಯ ಭೂಗೋಳ, ಎರಡನೇ ಭಾಗ. ಮೂರು ತಿಂಗಳು ಸುಮ್ಮನಿದ್ದ ಯಂತ್ರ ಮೊದಲ ತಗಡನ್ನು ಒಳಗೆಳೆದುಕೊಂಡು ಟಕಟಕನೆ ಬಡಿಯತೊಡಗುತ್ತದೆ. ವ್ಯವಸ್ಥಾಪಕರು ಕಟ್ಟಿದ್ದ ಕೈ ಬಿಚ್ಚುತ್ತಾರೆ.

ಆರು ತಗಡಾದ ಮೇಲೆ ಕಾಗದದ ಮೇಲೆ ಕರಡು ತೆಗೆದು ಕರಡಮ್ಮನ ಮುಂದಿಡುತ್ತಾರೆ. ಅವರ ಬೆರಳು ಹರಿಯುತ್ತದೆ. ಮೊದಲ ಹಾಳೆ, ಎರಡನೆಯದು, ಮೂರನೆಯದು. ನಾಲ್ಕನೆಯ ಹಾಳೆಯ ಮೇಲ್ಮೂಲೆಯಲ್ಲಿ ನಿಲ್ಲುತ್ತದೆ.

"ತಪ್ಪಿದೆ."

ಕರಡಮ್ಮ ಬೆರಳನ್ನು ಹಿಂದಕ್ಕೆ ಎಳೆದು ಮತ್ತೊಮ್ಮೆ ಓದುತ್ತಾರೆ.

"ಪುಟ ಸಂಖ್ಯೆ ನಲವತ್ತಾರು ಎರಡು ಸಲ ಬಂದಿದೆ."

ಬೆಸುಗೆಯಕ್ಕ ಕಂಪ್ಯೂಟರಿನ ಕಡೆ ತಿರುಗುತ್ತಾರೆ. ಕೈಯಿಂದ ಎಳೆದ ತಂತಿ ತೊದಲಿದರೆ ಆಗುವ ತಪ್ಪು ಸರಿಯಾಗಿ ಇಂಥದ್ದೇ. ಕೊಟ್ಟದ್ದನ್ನೇ ಮತ್ತೊಮ್ಮೆ ಕೊಟ್ಟುಬಿಡುತ್ತದೆ. ಒಂದು ಕಡೆ ಹಾಗಾದರೆ ನೂರ ಮೂವತ್ತನಾಲ್ಕು ಫ್ಲಾಪಿಗಳಲ್ಲಿ ಎಲ್ಲೆಲ್ಲಿ ಹಾಗಾಗುತ್ತದೋ, ಯಾವ ಪುಸ್ತಕವನ್ನೂ ನಂಬುವಂತಿಲ್ಲ.

"ಒಳಗಿರೋ ಪಾಠನೂ ಎರಡು ಸಲ ಬಂದಿದೆಯಾ ಅಮ್ಮ?"

"ಇಲ್ಲ. ಪಾಠ ಮುಂದೆ ಹೋಗಿದೆ. ಸಂಖ್ಯೆ ಮಾತ್ರ." ಕರಡಮ್ಮ ತಲೆ ಓರೆ ಮಾಡುತ್ತಾರೆ. "ಸಾರ್, ಕಪಾಟಿನಿಂದ ಇದೇ ಪುಸ್ತಕದ ಹಳೇ ಪ್ರತಿ ಕೊಡಿ. ಮುಂಚೆ ಒತ್ತಿದ್ದು."

ಒಂಬತ್ತು ವರ್ಷದ ಹಿಂದೆ ಒತ್ತಿದ ಪುಸ್ತಕ ಬರುತ್ತದೆ. ಎಡಗೈ ಅದರ ಮೇಲೆ, ಬಲಗೈ ಹೊಸ ಹಾಳೆಯ ಮೇಲೆ. ಎರಡೂ ಒಂದೇ ಮೂಲೆಗೆ ಹೋಗಿ ನಿಲ್ಲುತ್ತವೆ. ಕರಡಮ್ಮನ ಮುಖ ಮೊದಲು ಕೆಂಪಾಗುತ್ತದೆ, ಆಮೇಲೆ ನಗು ತಡೆಯಲಾಗದೆ ಭುಜ ಕುಲುಕುತ್ತದೆ.

"ಇದರಲ್ಲೂ ಎರಡು ನಲವತ್ತಾರು. ಅವತ್ತು ನನ್ನ ಕೈಯಿಂದಲೇ ತಪ್ಪಿಸಿಕೊಂಡಿದೆ. ಒಂಬತ್ತು ವರ್ಷ ಯಾರೂ ಹೇಳಿಲ್ಲ ನೋಡು! ವ್ಯವಸ್ಥಾಪಕರಿಗೆ ಹೇಳ್ಬೇಡಮ್ಮ."

"ಇಲ್ಲೇ ಇದ್ದೀನಿ," ಎನ್ನುತ್ತಾರೆ ವ್ಯವಸ್ಥಾಪಕರು.

ಇದಾಗಿ ನಾಲ್ಕು ತಿಂಗಳು. ಯಂತ್ರ ದಿನಕ್ಕೆ ಆರು ಗಂಟೆ ಓಡುತ್ತಿದೆ, ನಲವತ್ತು ತಗಡು ಒತ್ತುತ್ತಿದೆ. ಕೋಣೆ ಖಾಲಿ ಮಾಡಿಸುವ ಕಾಗದ ವಾಪಸಾಗಿದೆ. ಸರಿಯಾದ ನಕ್ಷೆಯ ಹೊಸ ಹಲಗೆಗಳೂ ಬಂದಿವೆ. ಅಂದವಾದ ಕಾರ್ಡೊಂದನ್ನು ಕಟ್ಟಿ ಒಯ್ದರೆ, ಓಡುತ್ತಿರುವುದನ್ನು ಮುಟ್ಟಬೇಡವೆಂದು ಕರಡಮ್ಮ ಬಾಗಿಲಲ್ಲೇ ತಡೆದರು. ಗಡ್ಡದ ಕಾರ್ಡೇ ಒಳಗಿದೆ, ಹೊಸದು ಕಪಾಟಿನಲ್ಲಿ ಕಾಯುತ್ತಿದೆ. ತಪ್ಪು ನಕ್ಷೆಯ ಉಳಿದ ನಾಲ್ಕು ಹಲಗೆಗಳ ಮೇಲೆ ಅತ್ತೆ ಬಿಸಿ ಪಾತ್ರೆ ಇಡುತ್ತಾರೆ. ಅವರ ಪ್ರಕಾರ ಸೊಸೆ ಇದುವರೆಗೆ ಮಾಡಿದ್ದರಲ್ಲಿ ಮನೆಗೆ ಉಪಯೋಗಕ್ಕೆ ಬಂದದ್ದು ಅವು ಮಾತ್ರ.

ಎರಡನೆಯ ನಲವತ್ತಾರನ್ನು ಕರಡಮ್ಮ ಅವತ್ತೇ ನಲವತ್ತೇಳು ಮಾಡಿಸಿದರು. ತಿದ್ದುವ ಮುಂಚಿನ ಹಾಳೆಯನ್ನು ಹರಿಯಲು ಹೊರಟಾಗ ಬೆಸುಗೆಯಕ್ಕ ಕೇಳಿ ಇಸಿದುಕೊಂಡರು. ಈಗ ಅದು ನೋಟುಬುಕ್ಕುಗಳ ನಡುವೆ, ಚುಕ್ಕಿ ಜಜ್ಜಿಹೋಗದಂತೆ ಎರಡು ರಟ್ಟಿನ ಮಧ್ಯೆ ಇದೆ. ಅದರಲ್ಲಿ ಅವರಿಗೆ ಓದಲು ಬರುವುದು ಮೂಲೆಯ ಸಂಖ್ಯೆ ಒಂದೇ. ಹತ್ತು ಚುಕ್ಕಿ. ಪೂರ್ತಿ ಹಾಳೆ ಓದಲು ಕಲಿಸಿಕೊಡುವಂತೆ ಕರಡಮ್ಮನನ್ನು ಕೇಳಬೇಕೆಂದಿದ್ದಾರೆ, ಇನ್ನೂ ಧೈರ್ಯ ಬಂದಿಲ್ಲ. ಸುಟ್ಟು ಗಟ್ಟಿಯಾದ ಬಲಗೈ ಬೆರಳಿಗೆ ಚುಕ್ಕಿ ಸರಿಯಾಗಿ ತಿಳಿಯುವುದಿಲ್ಲವೆಂದು ಎಡಗೈ ಬೆರಳನ್ನೇ ಮೂಲೆಯ ಮೇಲಿಟ್ಟು, ನಿಧಾನವಾಗಿ ಎಳೆದು, ಮತ್ತೆ ಮೊದಲಿಗೆ ಹೋಗುತ್ತಾರೆ.

"ತಪ್ಪು ಅವರದು," ಎನ್ನುತ್ತಾರೆ ಬೆಸುಗೆಯಕ್ಕ. "ಒಂದು ಚುಕ್ಕಿನೂ ಆಚೀಚೆ ಆಗದ ಹಾಗೆ ಅದನ್ನ ವಾಪಸ್ ತಂದುಕೊಟ್ಟಿದ್ದು ನಾನು."